ಅಡಿಕೆ ತೋಟಗಳ ನಡುವೆ ಒಂದು ನಾಟಕದ ಊರು

ಸಾಗರಕ್ಕೆ ಬಂದವರು ಸಾಮಾನ್ಯವಾಗಿ ಜೋಗದ ದಾರಿ ಹಿಡಿಯುತ್ತಾರೆ. ನಾವು ಈ ಸಲ ಹೆಗ್ಗೋಡಿನ ದಾರಿ ಹಿಡಿದೆವು. ರೈಲಿನಲ್ಲಿ ಹೋಗುವವರು ತಾಳಗುಪ್ಪ ಗಾಡಿ ಹತ್ತಿ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ಎಂಟು-ಹತ್ತು ಕಿಲೋಮೀಟರು. ಇಕ್ಕೆಲದಲ್ಲೂ ಅಡಿಕೆ ತೋಟ, ನಡುವೆ ಗದ್ದೆ, ಅಲ್ಲಲ್ಲಿ ಹಂಚಿನ ಮನೆ. ಮಳೆ ಹಿಂದೆ ಸರಿದ ಹೊಸತು, ಹಸಿರು ಇನ್ನೂ ಮಾಸಿರಲಿಲ್ಲ.

ಹೋದ ಕಾರಣ ಇದು. ಹೆಗ್ಗೋಡಿನ ನೀನಾಸಮ್ ಪ್ರತಿವರ್ಷ ಹೊಸ ನಾಟಕಗಳನ್ನು ಕಟ್ಟಿ ಊರೂರಿಗೆ ಒಯ್ಯುತ್ತದೆ. ಅದಕ್ಕೆ ‘ತಿರುಗಾಟ’ ಎಂದು ಹೆಸರು. ಹಲವು ವರ್ಷಗಳ ಮೇಲೆ ಈ ಸಲ ನಮ್ಮೂರಿಗೂ ಅದನ್ನು ಕರೆಸುವ ಮಾತು ನಡೆದಿದೆ. ನಡೆಸುತ್ತಿರುವವರು ನಮ್ಮ ನಿವೃತ್ತ ಮೇಷ್ಟ್ರು. “ಈಗ ಯಾರು ಬರ್ತಾರೆ ಮೇಷ್ಟ್ರೇ, ಎಲ್ಲ ಮೊಬೈಲಲ್ಲೇ ಇದೆಯಲ್ಲ” ಎಂದು ಊರಲ್ಲಿ ಅನೇಕರು ಹೇಳಿದ್ದಾರೆ. ಮೇಷ್ಟ್ರು ವಾದ ಮಾಡಲಿಲ್ಲ. “ಮಕ್ಕಳನ್ನು ಒಂದು ಸಲ ಅಲ್ಲಿಗೇ ಕರ್ಕೊಂಡು ಹೋಗೋಣಮ್ಮ” ಎಂದರು. ಹಾಗೆ ಏಳನೇ ಕ್ಲಾಸಿನ ನನ್ನ ಮಗಳು, ನಾಲ್ಕನೇ ಕ್ಲಾಸಿನ ಅಣ್ಣನ ಮಗ, ನಾನು, ಮೇಷ್ಟ್ರು ಹೊರಟೆವು.

“ಅತ್ತೆ, ನೀನಾಸಮ್ ಅಂದ್ರೆ ಏನು? ಯಾವ ಭಾಷೆ?” ಎಂದು ಹುಡುಗ ದಾರಿಯಲ್ಲೇ ಕೇಳಿದ. ಕನ್ನಡವೇ! ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅದರ ಮೊದಲಕ್ಷರಗಳನ್ನು ಕೂಡಿಸಿದರೆ ನೀನಾಸಮ್. 1949ರಲ್ಲಿ ಊರಿನ ಕೆಲವರು ಕೂಡಿ ಕಟ್ಟಿದ ಸಂಘ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರು ಹುಟ್ಟಿದ್ದು 1932ರಲ್ಲಿ. ಮಗಳು ಬೆರಳು ಮಡಿಸಿ, “ಹಾಗಾದ್ರೆ ಆಗ ಅವರಿಗೆ 17. ಪಕ್ಕದ್ಮನೆ ಅಣ್ಣನಷ್ಟೇ!” ಎಂದಳು. ಪಕ್ಕದ ಮನೆಯ ಅಣ್ಣ ಸದ್ಯಕ್ಕೆ ಬೈಕು ಬಿಟ್ಟರೆ ಬೇರೇನೂ ಕಟ್ಟುವ ಯೋಚನೆಯಲ್ಲಿಲ್ಲ.

ಸುಬ್ಬಣ್ಣನವರು ಅಡಿಕೆ ಬೆಳೆಯುವ ಮನೆತನದವರು. ನಾಟಕ ಕಲಿಯಲು ದೊಡ್ಡ ಪಟ್ಟಣಕ್ಕೇ ಹೋಗಬೇಕೆಂಬ ಮಾತನ್ನು ಅವರು ಒಪ್ಪಲಿಲ್ಲ. 1980ರಲ್ಲಿ ಹಳ್ಳಿಯಲ್ಲೇ ರಂಗಶಿಕ್ಷಣ ಕೇಂದ್ರ ಶುರುವಾಯಿತು. ಬೇರೆ ಬೇರೆ ಜಿಲ್ಲೆಗಳ ಹುಡುಗ ಹುಡುಗಿಯರು ಇಲ್ಲೇ ಉಳಿದು ಕಲಿಯುತ್ತಾರೆ. 1985ರಿಂದ ತಿರುಗಾಟ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹೊರಗಿನ ಪ್ರಪಂಚ ಹೆಗ್ಗೋಡು ಎಲ್ಲಿದೆ ಎಂದು ನಕ್ಷೆ ನೋಡಿತು. ಅವರು 2005ರಲ್ಲಿ ತೀರಿಕೊಂಡರು. ನಾಟಕ ನಿಂತಿಲ್ಲ.

ರಂಗಮಂದಿರಕ್ಕೆ ಶಿವರಾಮ ಕಾರಂತರ ಹೆಸರು. ಆಡಂಬರವೇನೂ ಇಲ್ಲ. ಹಗಲು ಹೊತ್ತಿನಲ್ಲಿ ನಾಟಕದ ಮನೆ ಹೇಗಿರುತ್ತದೆಂದು ಮಕ್ಕಳಿಗೆ ಗೊತ್ತಿರಲಿಲ್ಲ. ಸಂಜೆ ರಾಜನಾಗುವವನು ಬೆಳಿಗ್ಗೆ ಪೈಜಾಮ ತೊಟ್ಟು ವೇದಿಕೆ ಗುಡಿಸುತ್ತಿದ್ದ. ಒಬ್ಬಳು ಹುಡುಗಿ ಏಣಿ ಹತ್ತಿ ದೀಪ ತಿರುಗಿಸುತ್ತಿದ್ದಳು, ಕೆಳಗಿನಿಂದ ಒಬ್ಬ “ಇನ್ನೂ ಎಡಕ್ಕೆ, ಸಾಕು ಸಾಕು” ಎನ್ನುತ್ತಿದ್ದ. ಮೂಲೆಯಲ್ಲಿ ಮತ್ತೊಬ್ಬ ಹರಿದ ಅಂಗಿಗೆ ಸೂಜಿ ಹಾಕುತ್ತಿದ್ದ. ಹುಡುಗ ನನ್ನ ಕೈ ಜಗ್ಗಿ, “ಇವರಿಗೆಲ್ಲ ಕೆಲಸದವರು ಇಲ್ವಾ?” ಎಂದು ಕೇಳಿದ. ಇವರೇ ಕೆಲಸದವರು, ಇವರೇ ನಟರು. ತಿರುಗಾಟದಲ್ಲಿ ಹಾಗೆಯೇ. ಊರು ತಲುಪಿದ ಕೂಡಲೇ ಸಾಮಾನು ಇಳಿಸಿ, ರಂಗಸಜ್ಜಿಕೆ ಕಟ್ಟಿ, ದೀಪ ಏರಿಸಿ, ಆಮೇಲೆ ಬಣ್ಣ ಹಚ್ಚಿಕೊಳ್ಳಬೇಕು. ಆಟ ಮುಗಿದ ಮೇಲೆ ಬಣ್ಣ ಒರೆಸಿ ಎಲ್ಲವನ್ನೂ ಬಿಚ್ಚಿ ಗಾಡಿಗೆ ತುಂಬಬೇಕು. ತಿಂಗಳುಗಟ್ಟಲೆ ಇದೇ ಬಾಳು. ಯಕ್ಷಗಾನ ಮೇಳಗಳ ತಿರುಗಾಟ ಕಂಡ ಕರಾವಳಿ, ಮಲೆನಾಡಿನವರಿಗೆ ಈ ಮಾತೂ ಈ ಕಷ್ಟವೂ ಹೊಸದಲ್ಲ.

ನಡುಮಧ್ಯಾಹ್ನ ಪರಿಚಯದವರ ಮನೆಗೆ ಹೋದೆವು. “ಆಸರಿಗೆ ಏನು ಕೊಡಲಿ?” ಎಂದರು ಮನೆಯಾಕೆ. ಬಾಯಾರಿಕೆಗೆ ಏನು ಬೇಕು ಎಂದು ಇಷ್ಟು ಚೆಂದವಾಗಿ ಕೇಳುವ ಸೀಮೆ ಬೇರೆ ಇಲ್ಲವೆಂದೇ ನನ್ನ ನಂಬಿಕೆ. ಮಜ್ಜಿಗೆ ಕುಡಿಯುತ್ತಾ ಕೇಳಿದೆ: ನೀವೂ ನಾಟಕ ನೋಡುತ್ತೀರಾ? “ನೋಡೂದೇನು, ಮಾಡಿದ್ದೂ ಉಂಟು” ಎಂದು ನಕ್ಕರು. ಊರವರದೇ ಬಳಗವೊಂದಿದೆ, ತೋಟದ ಕೆಲಸ ಮುಗಿಸಿ ಬಂದು ತಾಲೀಮು ಮಾಡುತ್ತಾರೆ. ಷೇಕ್ಸ್‌ಪಿಯರ್, ಕಾಳಿದಾಸ ಇವರ ಬಾಯಲ್ಲಿ ದಾಯಾದಿಗಳ ಹೆಸರಿನಷ್ಟು ಸಲೀಸು.

ಸಂಜೆ ನಾಟಕ. ಕಥೆ ಹೇಳುವುದಿಲ್ಲ. ನಿಮ್ಮೂರಿಗೆ ಬಂದಾಗ ನೋಡುವ ಮಜಾ ಹೋಗುತ್ತದೆ. ಮಕ್ಕಳ ಬಗ್ಗೆ ಮಾತ್ರ ಹೇಳುತ್ತೇನೆ. ದೀಪ ಆರಿದಾಗ ಹುಡುಗ ನನ್ನ ಸೆರಗು ಹಿಡಿದ. ಮೊದಲ ಹತ್ತು ನಿಮಿಷ ಚಡಪಡಿಸಿದ. ಆಮೇಲೆ ಒಬ್ಬ ನಟ ಬರಿಗೈಯಲ್ಲಿ ಬಾವಿಯಿಂದ ನೀರು ಸೇದಿದ. ಹಗ್ಗವಿಲ್ಲ, ಕೊಡವಿಲ್ಲ. ಆದರೂ ಭಾರ ಕಾಣುತ್ತಿತ್ತು. ನಟ ಕೊಡ ಇಳಿಸಿದಾಗ ಹುಡುಗನೂ ಉಸಿರು ಬಿಟ್ಟ. ಅಲ್ಲಿಂದ ಮುಂದೆ ಅವನು ನನ್ನ ಕಡೆ ತಿರುಗಲೇ ಇಲ್ಲ. ಮರುದಿನ ಇನ್ನೊಂದು ನಾಟಕದಲ್ಲಿ ನಿನ್ನೆಯ ರಾಜ ಬಾಗಿಲು ಕಾಯುವವನಾಗಿ ನಿಂತಿದ್ದ. “ಪಾಪ, ಕೆಲಸ ಹೋಯ್ತಾ?” ಎಂದು ಮಗಳು ಪಿಸುಗುಟ್ಟಿದಳು. ಮುಂದಿನ ಸಾಲಿನವರು ತಿರುಗಿ ನೋಡಿ ನಕ್ಕರು.

ಎಲ್ಲರಿಗೂ ಹೆಗ್ಗೋಡು ಹತ್ತಿರವಲ್ಲ, ನಿಜ. ಮೈಸೂರಿನವರಿಗೆ ರಂಗಾಯಣವಿದೆ, ಬೇಸಿಗೆಯಲ್ಲಿ ಅಲ್ಲಿ ಚಿಣ್ಣರ ಮೇಳವೂ ಉಂಟು. ಹೊಸದುರ್ಗದ ಕಡೆಯವರಿಗೆ ಸಾಣೇಹಳ್ಳಿಯ ಬಯಲು ರಂಗಮಂದಿರ. ಬೆಂಗಳೂರಿನವರು ಜೆ.ಪಿ. ನಗರದ ರಂಗಶಂಕರಕ್ಕೆ ಹೋಗಬಹುದು. 2004ರಲ್ಲಿ ಶಂಕರ್‌ನಾಗ್ ನೆನಪಿನಲ್ಲಿ ತೆರೆದದ್ದು. ಸಮಯಕ್ಕೆ ಸರಿಯಾಗಿ ಹೋಗಿ, ತಡವಾದರೆ ಒಳಗೆ ಬಿಡುವುದಿಲ್ಲ. ಆದರೆ ತಾಲ್ಲೂಕು ಊರುಗಳಿಗೆ ಇಂಥದ್ದೇನೂ ಇಲ್ಲ. ಅಲ್ಲಿಗೆ ನಾಟಕವೇ ಬರಬೇಕು. ಬರಬೇಕಾದರೆ ಊರಿನ ಯಾರಾದರೂ ಜಾಗ, ಕರೆಂಟು, ತಂಡಕ್ಕೆ ಊಟ, ಮಲಗಲು ಕೋಣೆ ಎಲ್ಲ ನೋಡಿಕೊಳ್ಳಬೇಕು. ಟಿಕೇಟು ಮಾರಬೇಕು. ಖಾಲಿ ಕುರ್ಚಿಗಳ ಮುಂದೆ ಒಮ್ಮೆ ಆಡಿಸಿದ ಊರಿನವರು ಮತ್ತೊಮ್ಮೆ ಕರೆಯುವ ಧೈರ್ಯ ಮಾಡುವುದಿಲ್ಲ. ಮೇಷ್ಟ್ರು ಬಾಯಿಬಿಟ್ಟು ಹೇಳದಿದ್ದರೂ ಅವರ ಆತಂಕ ಅದೇ.

ವಾಪಸು ರೈಲಿನಲ್ಲಿ ಅವರು ಒಂದು ಹಳೆ ನೋಟುಬುಕ್ಕು ತೆಗೆದು ಹೆಸರು ಬರೆಯತೊಡಗಿದರು. ಯಾರ ಮನೆಯಲ್ಲಿ ಎಷ್ಟು ಜನಕ್ಕೆ ಊಟ, ಯಾರ ಹತ್ತಿರ ಜನರೇಟರ್ ಇದೆ, ಹೆಣ್ಣುಮಕ್ಕಳು ಉಳಿಯಲು ಯಾರ ಮನೆ. ಮಗಳು ಪಕ್ಕದಲ್ಲಿ ಕೂತು, ತನ್ನ ಕ್ಲಾಸಿನ ನಲವತ್ತು ಮನೆಗಳಿಗೆ ತಾನೇ ಹೋಗುವುದಾಗಿ ಬರೆಸಿದಳು. ಹುಡುಗನಿಗೆ ಬೇರೆಯೇ ಚಿಂತೆ. ನಮ್ಮ ಹೈಸ್ಕೂಲಿನ ವೇದಿಕೆ ಎಷ್ಟು ಹೆಜ್ಜೆ ಅಗಲ, ಆ ಬಾವಿ ಅಲ್ಲಿ ಹಿಡಿಸುತ್ತದಾ ಎಂದು ಕೇಳಿದ.

ಮೇಷ್ಟ್ರು ಪೆನ್ನು ನಿಲ್ಲಿಸಿ, “ನಾಳೆ ಹೋಗಿ ಅಳೆದು ಬಾರಪ್ಪ” ಎಂದರು.