ಗುರುವಾರದ ಲೆಕ್ಕ

"ಬೇಗ... ಬೇಗ... ವ್ಯಾನ್ ಬಂತು!"

ನಮ್ಮನೆಯ ಸುಪ್ರಭಾತ ಇದು. ಸರಿಯಾಗಿ 7.45ಕ್ಕೆ ರಸ್ತೆಯ ತುದಿಯಲ್ಲಿ ಹಾರ್ನ್ ಕೇಳಿಸುತ್ತೆ. ಅಷ್ಟರಲ್ಲಿ ಒಂದು ಸಾಕ್ಸ್ ಕಾಣೆಯಾಗಿರುತ್ತೆ, ದೋಸೆ ಅರ್ಧ ತಟ್ಟೆಯಲ್ಲೇ ಇರುತ್ತೆ, ಡೈರಿಗೆ ಸಹಿ ಬಿದ್ದಿರಲ್ಲ. ಜಡೆ ಹಾಕುತ್ತಾ ಇವಳು, ಶೂ ಲೇಸ್ ಕಟ್ಟುತ್ತಾ ನಾನು, ಇಬ್ಬರೂ ಸೇರಿ ಮೂರನೇ ಕ್ಲಾಸಿನ ಮಗಳಿಗೆ ಬೈಗುಳದ ಅಭಿಷೇಕ.

ಕಳೆದ ತಿಂಗಳು ಪೇರೆಂಟ್ಸ್ ಮೀಟಿಂಗಿಗೆ ಹೋಗಿದ್ದೆ. ಟೀಚರ್ ದೂರು ಹೇಳಲಿಲ್ಲ, ಸುಮ್ಮನೆ ಗಣಿತದ ನೋಟ್‌ಬುಕ್ ಕೈಗಿಟ್ಟರು. ವಾರವಿಡೀ ಮೊದಲ ಪೀರಿಯಡ್ಡೇ ಗಣಿತ. ಪುಟ ತಿರುವಿದರೆ ಲೆಕ್ಕಗಳು ಅರ್ಧಕ್ಕೇ ನಿಂತಿವೆ, ಕೂಡುವಾಗ ದಶಕ ಮರೆತೇ ಹೋಗಿದೆ. ಗುರುವಾರ ಮಾತ್ರ ಗಣಿತ ಊಟವಾದ ಮೇಲೆ. ಗುರುವಾರದ ಪುಟಗಳೆಲ್ಲ ಸರಿ!

"ಬೆಳಿಗ್ಗೆ ಮನೇಲಿ ತುಂಬಾ ಗಡಿಬಿಡಿನಾ ಸಾರ್?" ಅಂದರು. ನಾನು ನೋಟ್‌ಬುಕ್ಕನ್ನೇ ನೋಡುತ್ತಾ ಕೂತೆ.

ಯೋಚಿಸಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ದಶಕವನ್ನು ಒಂದು ಕ್ಷಣ ತಲೆಯಲ್ಲಿ ಹಿಡಿದಿಟ್ಟುಕೊಂಡೇ ಮುಂದಿನ ಅಂಕಿ ಕೂಡಬೇಕಲ್ಲವೇ? ಹಾಗೆ ಹಿಡಿದಿಡುವ ಶಕ್ತಿಗೆ ಮನಶ್ಶಾಸ್ತ್ರಜ್ಞರು ವರ್ಕಿಂಗ್ ಮೆಮೊರಿ ಅನ್ನುತ್ತಾರೆ. ಅದು ಬಹಳ ಪುಟ್ಟ ಜಾಗ. ಅಪ್ಪನ ಸಿಟ್ಟು ಅಲ್ಲಿ ಬಂದು ಕೂತುಬಿಟ್ಟರೆ ದಶಕ ಎಲ್ಲಿ ನಿಲ್ಲಬೇಕು? ಹಸಿವೂ ಅಷ್ಟೇ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2013ರಲ್ಲಿ ಕ್ಷೀರಭಾಗ್ಯದ ಹಾಲು ಶುರುವಾಯಿತು, ತಮಿಳುನಾಡಿನಲ್ಲಿ 2022ರಲ್ಲಿ ಬೆಳಗಿನ ತಿಂಡಿಯೇ ಶುರುವಾಯಿತು. ನಮ್ಮನೆಯಲ್ಲಿ ದೋಸೆ ಇತ್ತು, ತಿನ್ನಲು ಬಿಡುವವರಿರಲಿಲ್ಲ!

ನಮ್ಮೂರ ಶಾಲೆಯ ಮೇಷ್ಟ್ರು ನೆನಪಾದರು. ಮಳೆಗಾಲದಲ್ಲಿ ಜಗುಲಿಯ ಮೇಲೆ ನಿಂತು, ನಮ್ಮ ಒದ್ದೆ ಕೊಡೆ ಇಸ್ಕೊಂಡು, "ತಿಂಡಿ ಆಯ್ತೇನೋ?" ಅಂತ ಕೇಳಿಯೇ ಒಳಗೆ ಬಿಡುತ್ತಿದ್ದರು. ಮಗ್ಗಿ ಏನಿದ್ದರೂ ಆಮೇಲೆ.

ಈಗ ಬ್ಯಾಗು, ಸಾಕ್ಸು, ಡೈರಿ ಎಲ್ಲ ರಾತ್ರಿಯೇ ರೆಡಿ. ನಾನು ಅರ್ಧ ಗಂಟೆ ಬೇಗ ಏಳುತ್ತೇನೆ (ಸುಳ್ಳು ಹೇಳಬಾರದು, ಇಪ್ಪತ್ತು ನಿಮಿಷ). ಬೆಳಿಗ್ಗೆ ಮಗ್ಗಿ ಕೇಳುವುದು ಬಂದ್. ದೋಸೆ ಮುಗಿಯುವ ತನಕ ಅವಳ ಕನಸಿನ ಕಥೆ ಕೇಳುವುದೇ ನನ್ನ ಡ್ಯೂಟಿ. ಪುಟಗಳು ಮೆಲ್ಲಗೆ ತುಂಬತೊಡಗಿವೆ.

ಹಾಗಂತ ನಾನೇನೂ ಸಂತನಾಗಿಲ್ಲ. ಮೊನ್ನೆ ಮಂಗಳವಾರ ನೀರಿನ ಬಾಟಲಿ ಸಿಗಲಿಲ್ಲ ಅಂತ ಮತ್ತೆ ಕೂಗಾಡಿದೆ. ಅವಳು ಟಾಟಾ ಮಾಡದೆ ವ್ಯಾನ್ ಹತ್ತಿದಳು. ಆಫೀಸಿನಲ್ಲಿ ಇಡೀ ದಿನ ನನ್ನ ಲೆಕ್ಕಗಳೂ ತಪ್ಪಿದವು. ಸಂಜೆ ಅವಳೇ ನೋಟ್‌ಬುಕ್ ತಂದು ಪಕ್ಕದಲ್ಲಿ ಕೂತಳು.

"ಅಪ್ಪಾ, ಇವತ್ತು ಎರಡು ತಪ್ಪು. ನಾಳೆ ಬೈಬೇಡ, ಸರಿ ಮಾಡ್ತೀನಿ."

ಬುಧವಾರ ನಾನು ಬೈಯಲಿಲ್ಲ. ಅವಳು ಸರಿ ಮಾಡಿದಳು.

ನಿಮ್ಮನೆಯ 7.45 ಹೇಗಿರುತ್ತೆ?