ಗುಂಡ್ಲುಪೇಟೆಯ ಹಾದಿಯ ಸೂರ್ಯಕಾಂತಿ

ಮೈಸೂರಿನಿಂದ ದಕ್ಷಿಣಾಭಿಮುಖವಾಗಿ ನೀಲಗಿರಿಗೆ ಹೋಗುವ ಹೆದ್ದಾರಿಯು ನಂಜನಗೂಡಿನಲ್ಲಿ ಕಪಿಲೆಯನ್ನು ದಾಟಿ, ಬೇಗೂರನ್ನು ಹಾದು, ಸುಮಾರು ೬೦ ಕಿಲೋಮೀಟರು ನಡೆದು ಗುಂಡ್ಲುಪೇಟೆಯನ್ನು ಸೇರುತ್ತದೆ. ಮುಂಗಾರಿಗೆ ಮುಂಚೆ ಬೀಳುವ ಮಳೆಗೆ ಇಲ್ಲಿಯ ರೈತರು ಬಿತ್ತಿದ ಸೂರ್ಯಕಾಂತಿಯು ಆಷಾಢಮಾಸದ ಹೊತ್ತಿಗೆ ಹೂವೊಡೆಯುತ್ತದೆ. ಆಗ ಈ ಹಾದಿಯಲ್ಲಿ ಹೋಗುವವನು ನಿದ್ರೆಮಾಡಲಾರನು. ದೂರದಲ್ಲಿ ಹಿಮವದ್ಗೋಪಾಲಸ್ವಾಮಿ ಬೆಟ್ಟದ ನೆತ್ತಿಯಲ್ಲಿ ಮೋಡ. ಇತ್ತ ಕಣ್ಣು ಹಾಯುವವರೆಗೆ ಹಳದಿ. ನಡುನಡುವೆ ಚೆಂಡುಹೂವಿನ ಹೊಲಗಳೂ ಉಂಟು.

ಹೋದ ಆಷಾಢದಲ್ಲಿ ನಾವು ಸಕುಟುಂಬರಾಗಿ ಆ ಬೆಟ್ಟಕ್ಕೆ ಹೊರಟಿದ್ದೆವು. ರಸ್ತೆಯ ಬಲಗಡೆಯ ಹೊಲಗಳಲ್ಲಿ ಸಾವಿರಾರು ಹೂಗಳು ನಮ್ಮನ್ನೇ ದಿಟ್ಟಿಸುತ್ತಿದ್ದವು. ಎಡಗಡೆಯ ಹೊಲಗಳಲ್ಲಿಯಾದರೋ ಹಸಿರು ಬೆನ್ನುಗಳ ಹೊರತು ಬೇರೇನೂ ಕಾಣದು. "ಈ ಕಡೆಯ ಹೂಗಳಿಗೆ ನಮ್ಮ ಮೇಲೆ ಕೋಪವೇ, ತಾತ?" ಎಂದು ನಮ್ಮ ಮೊಮ್ಮಗನು ಕೇಳಿದನು. ಸಂಜೆ ಹಿಂದಿರುಗುವಾಗ ಅವು ಸೂರ್ಯನೊಡನೆ ತಿರುಗಿ ತನ್ನನ್ನು ನೋಡುವುವೆಂದು ಅವನ ನಿರೀಕ್ಷೆ. ಸಂಜೆಗೆ ಸೂರ್ಯನು ಪಶ್ಚಿಮಕ್ಕಿಳಿದಿದ್ದನು. ಹೂಗಳು ಮಾತ್ರ ಬೆಳಗ್ಗೆ ಇದ್ದಂತೆಯೇ ಪೂರ್ವಾಭಿಮುಖವಾಗಿ ನಿಂತಿದ್ದವು.

ಸೂರ್ಯಕಾಂತಿಯು ದಿನವೆಲ್ಲ ಸೂರ್ಯನನ್ನು ಹಿಂಬಾಲಿಸುತ್ತದೆಂದು ನಾವು ಶಾಲೆಗಳಲ್ಲಿ ಕೇಳುತ್ತಬಂದ ಮಾತು ಅರ್ಧ ಸತ್ಯ. ಎಳೆಯ ಗಿಡವೂ ಅರಳದ ಮೊಗ್ಗೂ ಹಿಂಬಾಲಿಸುವುದು ನಿಜ. ಹಗಲಿನಲ್ಲಿ ಕಾಂಡದ ಪೂರ್ವಪಾರ್ಶ್ವವು ಹೆಚ್ಚಾಗಿ ಬೆಳೆದು ತುದಿಯನ್ನು ಪಶ್ಚಿಮಕ್ಕೆ ಬಾಗಿಸುತ್ತದೆ; ರಾತ್ರಿಯಲ್ಲಿ ಪಶ್ಚಿಮಪಾರ್ಶ್ವವು ಬೆಳೆದು ತುದಿಯನ್ನು ಪೂರ್ವಕ್ಕೆ ತರುತ್ತದೆ. ಕಾಂಡದ ಬೆಳವಣಿಗೆ ನಿಂತಿತೆಂದರೆ ತಿರುಗಾಟವೂ ನಿಂತಿತು. ಅರಳಿದ ಹೂವು ಪೂರ್ವಕ್ಕೆ ಮುಖಮಾಡಿ ನೆಲೆನಿಲ್ಲುತ್ತದೆ. ಇದರಿಂದ ಗಿಡಕ್ಕೇನು ಲಾಭವೆಂದರೆ, ಬೆಳಗಿನ ಬಿಸಿಲಿಗೆ ಹೂವು ಬೇಗ ಬೆಚ್ಚಗಾಗುತ್ತದೆ, ಬೆಚ್ಚಗಿನ ಹೂವಿಗೆ ಜೇನುನೊಣಗಳು ಹೆಚ್ಚಾಗಿ ಬರುತ್ತವೆ. ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಕೆಲವು ಹೂಗಳನ್ನು ಬಲಾತ್ಕಾರವಾಗಿ ಪಶ್ಚಿಮಕ್ಕೆ ತಿರುಗಿಸಿಟ್ಟು ನೋಡಿ, ಪೂರ್ವದ ಹೂಗಳಿಗೆ ಸುಮಾರು ಐದು ಪಟ್ಟು ಹೆಚ್ಚು ನೊಣಗಳು ಬರುವುದನ್ನು ಕಂಡು ೨೦೧೬ರಲ್ಲಿ ಪ್ರಕಟಿಸಿದರು.

ನಮ್ಮ ಸಂಸ್ಕೃತಕವಿಗಳು ಈ ಹೂವನ್ನು ಕಂಡವರಲ್ಲ. ಅವರ ಸೂರ್ಯಪ್ರಿಯೆ ಕಮಲಿನಿ. ಅವರು ಹೇಳುವ ಸೂರ್ಯಕಾಂತವು ರವಿಕಿರಣ ತಾಗಿದೊಡನೆ ಬೆಂಕಿಯನ್ನು ಕಾರುವ ಶಿಲೆ. ಈ ಗಿಡದ ತವರು ಉತ್ತರ ಅಮೆರಿಕಾ. ಅಲ್ಲಿಯ ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಬೇಸಾಯಕ್ಕೆ ತಂದರು. ೧೬ನೆಯ ಶತಮಾನದಲ್ಲಿ ಸ್ಪೇನಿನವರು ಯೂರೋಪಿಗೆ ಒಯ್ದರು. ರಷ್ಯದವರು ಎಣ್ಣೆಯ ಬೆಳೆಯಾಗಿ ಹೆಚ್ಚಿಸಿದರು. ಭಾರತದ ಹೊಲಗಳಿಗೆ ಎಣ್ಣೆಕಾಳಿನ ರೂಪದಲ್ಲಿ ಇದು ಬಂದುದು ೧೯೬೯ರಲ್ಲಿ, ಸೋವಿಯೆತ್ ದೇಶದ ಬೀಜಗಳ ಮೂಲಕ. ದೇಶದ ಮೊದಲ ಸಂಕರತಳಿಯನ್ನು ೧೯೮೦ರಲ್ಲಿ ಹೊರತಂದ ಕೀರ್ತಿ ಬೆಂಗಳೂರಿನ ಕೃಷಿವಿಶ್ವವಿದ್ಯಾನಿಲಯದ್ದು.

ಬೇಗೂರಿನಿಂದಾಚೆ ಒಂದು ಹೊಲದ ಬಳಿ ನಾವು ಇಳಿದೆವು. ಅದಾಗಲೇ ಹತ್ತಾರು ವಾಹನಗಳು ನಿಂತಿದ್ದವು. ಜನರು ಫೋನುಗಳನ್ನು ಹಿಡಿದು ಸಾಲುಗಳ ನಡುವೆ ನುಗ್ಗಿ ಛಾಯಾಚಿತ್ರ ತೆಗೆದುಕೊಳ್ಳುತ್ತಿದ್ದರು. ಬದುವಿನ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು ಒಳಹೋಗುವವರಿಂದ ತಲೆಗಿಷ್ಟೆಂದು ಹಣ ಪಡೆಯುತ್ತಿದ್ದಳು. ಹೂವನ್ನು ನೋಡುವುದಕ್ಕೂ ಶುಲ್ಕವೇ ಎಂದು ನಮ್ಮ ಜೊತೆಯವರೊಬ್ಬರು ಗೊಣಗಿದರು. ಅಷ್ಟರಲ್ಲಿ ಒಬ್ಬ ತರುಣಿ ಹೂವೊಂದನ್ನು ಕಿತ್ತು ಮುಡಿಯ ಹತ್ತಿರ ಹಿಡಿದಳು. ಮುದುಕಿ ಎದ್ದುನಿಂತು, "ಒಂದು ಹೂವ ಕಿತ್ರೆ ಒಂದು ಗಿಡವೇ ಹೋಯ್ತದೆ, ತಾಯಿ. ಮಲ್ಲಿಗೆಯಂಗೆ ನಾಳೆ ಇನ್ನೊಂದು ಬಿಡಾಕಿಲ್ಲ" ಎಂದಳು.

ಆ ಮಾತು ಅಕ್ಷರಶಃ ನಿಜ. ಹೊಲದ ಸೂರ್ಯಕಾಂತಿಗೆ ಒಂದೇ ಕಾಂಡ, ಒಂದೇ ಹೂವು. ಅದೂ ವಸ್ತುತಃ ಒಂದು ಹೂವಲ್ಲ. ನಡುವಿನ ತಟ್ಟೆಯಲ್ಲಿ ನೂರಾರು ಕಿರುಹೂಗಳು ಅಂಚಿನಿಂದ ಒಳಕ್ಕೆ ದಿನದಿನವೂ ಸುತ್ತುಸುತ್ತಾಗಿ ಅರಳುತ್ತವೆ, ಒಂದೊಂದಕ್ಕೂ ಒಂದೊಂದು ಕಾಳು. ಸುತ್ತಲಿನ ಹಳದಿ ಎಸಳುಗಳು ಬಂಜೆಹೂಗಳು, ನೊಣವನ್ನು ಕರೆಯುವುದಷ್ಟೇ ಅವುಗಳ ಕೆಲಸ. ಆದಕಾರಣ ಒಂದನ್ನು ಕಿತ್ತವನು ಮೂರು ತಿಂಗಳ ಗೆಯ್ಮೆಯನ್ನು ಕಿತ್ತಂತಾಯಿತು. ತುಳಿತದಿಂದ ಒರಗಿದ ಗಿಡಗಳ ಲೆಕ್ಕ ಬೇರೆ. ಮುದುಕಿಯ ಶುಲ್ಕವು ನಮಗೆ ಅನ್ಯಾಯವೆಂದು ತೋರಲಿಲ್ಲ. ನಾವು ಹಣ ಕೊಟ್ಟು ಬದುವಿನಲ್ಲಿಯೇ ನಿಂತು ನೋಡಿದೆವು.

ಹೂವನ್ನು ಮುಟ್ಟಿಯೇ ನೋಡಬೇಕೆಂಬ ಮಕ್ಕಳಿರುವ ಗೃಹಸ್ಥರು ಮನೆಯ ಹಿತ್ತಿಲಲ್ಲಿ ನಾಲ್ಕು ಗಿಡಗಳನ್ನು ಬೆಳೆಸುವುದು ಮೇಲು. ಹೆಚ್ಚಿನ ಶ್ರಮವೇನೂ ಇಲ್ಲ. ಆದರೆ ಬಿತ್ತುವ ಮೊದಲು ದಿಕ್ಕನ್ನು ವಿಚಾರಿಸಬೇಕು. ಪೂರ್ವದ ಬಾಗಿಲಿನ ಮನೆಯವರು ಮುಂದಿನ ಅಂಗಳದಲ್ಲಿ ಬಿತ್ತಿದರೆ ಬೀದಿಯವರಿಗೆ ಮುಖ, ಮನೆಯವರಿಗೆ ಬೆನ್ನು! ನೋಡುವವರು ಗಿಡಕ್ಕೆ ಪೂರ್ವದಲ್ಲಿರಬೇಕು. ಎಂದರೆ ಗಿಡವು ಮನೆಗೆ ಪಶ್ಚಿಮದಲ್ಲಿರಬೇಕು. ಗೋಡೆಯ ನೆರಳು ಬೆಳಗಿನ ಬಿಸಿಲನ್ನು ತಡೆಯದಷ್ಟು ದೂರವನ್ನೂ ಬಿಡಬೇಕು. ದಿನಕ್ಕೆ ಆರು ಗಂಟೆಗಿಂತ ಕಡಿಮೆ ಬಿಸಿಲು ಬೀಳುವ ಜಾಗದಲ್ಲಿ ಈ ಗಿಡವನ್ನು ನೆಡುವ ಗೋಜೇ ಬೇಡ.

ತಾಯಿಬೇರು ಆಳಕ್ಕಿಳಿಯುವುದರಿಂದ ನೆಲವನ್ನು ಒಂದು ಮೊಳದಷ್ಟು ಅಗೆದು, ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರವನ್ನು ಬೆರೆಸಿ, ಬೀಜವನ್ನು ಇರಬೇಕಾದ ಸ್ಥಳದಲ್ಲಿಯೇ ಊರಬೇಕು. ಕಿತ್ತುನೆಟ್ಟರೆ ಬೇರು ನೋಯುತ್ತದೆ. ಒಂದಂಗುಲ ಆಳ, ಗುಳಿಗೆ ಎರಡು ಬೀಜ, ಗುಳಿಯಿಂದ ಗುಳಿಗೆ ಒಂದೂವರೆ ಅಡಿ. ವಾರ ಹತ್ತು ದಿನಗಳಲ್ಲಿ ಮೊಳೆತ ಬಳಿಕ ಬಲವಾದುದೊಂದನ್ನು ಉಳಿಸಿ ಇನ್ನೊಂದನ್ನು ತೆಗೆಯತಕ್ಕದ್ದು. ಅಳಿಲುಗಳಿಗೆ ಎಳೆಯ ಮೊಳಕೆ ಬಲು ಪ್ರಿಯ. ಮೊದಲ ದಿನಗಳಲ್ಲಿ ಮುಳ್ಳುಕಡ್ಡಿಗಳನ್ನು ಮುಚ್ಚಿಡಬೇಕು. ತಿಂಗಳಾದ ಮೇಲೆ ಬುಡಕ್ಕೆ ಮಣ್ಣೇರಿಸಿ, ಗಾಳಿಯ ಜಾಗವಾದರೆ ಕೋಲನ್ನು ಊರಬೇಕು. ಮೊಗ್ಗು ಕಾಣಿಸಿಕೊಂಡ ದಿನದಿಂದ ಕಾಳು ಬಲಿಯುವವರೆಗೆ ನೆಲವನ್ನು ಒಣಗಗೊಡಬಾರದು, ನೀರು ನಿಲ್ಲಲೂಗೊಡಬಾರದು.

ಹೂವರಳಿದಾಗ ಯಾವ ಕೀಟನಾಶಕವನ್ನೂ ಸಿಂಪಡಿಸಕೂಡದು. ನೊಣ ಸತ್ತರೆ ಕಾಳು ಜೊಳ್ಳು. ಪಟ್ಟಣಗಳಲ್ಲಿ ನೊಣಗಳ ಅಭಾವವಿರುವುದರಿಂದ, ಮೆತ್ತನೆಯ ಬಟ್ಟೆಯನ್ನು ಅಂಗೈಗೆ ಸುತ್ತಿಕೊಂಡು ಬೆಳಗಿನ ಎಂಟರಿಂದ ಹನ್ನೊಂದರೊಳಗೆ ದಿನ ಬಿಟ್ಟು ದಿನ ಒಂದು ಹೂವಿನಿಂದ ಇನ್ನೊಂದರ ಮೇಲೆ ಹಗುರವಾಗಿ ಸವರುವುದುಂಟು. ಈ ಕೆಲಸವನ್ನು ನಾವು ಮೊಮ್ಮಗನಿಗೆ ವಹಿಸಿದ್ದೇವೆ. ಕೈತುಂಬ ಹಳದಿ ಹುಡಿ ಹತ್ತಿಸಿಕೊಂಡು ಶಾಲೆಗೆ ಹೋಗುವುದು ಅವನಿಗೆ ದೊಡ್ಡ ಪದವಿ.

ಎಸಳುದುರಿದೊಡನೆ ಗಿಳಿಗಳು ಬರುತ್ತವೆ. ತೆಳುವಾದ ಬಟ್ಟೆಯನ್ನು ತಲೆಗೆ ಕಟ್ಟಬಹುದು. ತಟ್ಟೆಯ ಬೆನ್ನು ನಿಂಬೆಯ ಹಳದಿಗೆ ತಿರುಗಿದಾಗ ಕೊಯ್ದು, ಒಣಗಿಸಿ, ಕೋಲಿನಿಂದ ತಟ್ಟಿದರೆ ಕಾಳುದುರುತ್ತದೆ. ಅಂಗಡಿಯ ಸಂಕರಬೀಜದಿಂದ ಬಂದ ಕಾಳನ್ನು ಮರಳಿ ಬಿತ್ತಿದರೆ ಗಿಡಗಳು ಒಂದೇ ಬಗೆಯಾಗಿ ಬಾರವು, ಒಂದು ಉದ್ದ, ಒಂದು ಗಿಡ್ಡ. ರೈತನಿಗೆ ಅದು ನಷ್ಟ. ಹಿತ್ತಿಲಿಗೆ ಅದೇನೂ ಕುಂದಲ್ಲ. ನಮ್ಮ ಮನೆಯಲ್ಲಿ ನಾಲ್ಕು ತಲೆಗಳಲ್ಲಿ ಮೂರಕ್ಕೆ ಬಟ್ಟೆ ಕಟ್ಟಿ ಒಂದನ್ನು ಗಿಳಿಗಳಿಗೆ ಬಿಟ್ಟಿದ್ದೇವೆ.