ಪೈಠಣದ ರೇಷ್ಮೆ, ಬಳೆಯೊಳಗಿನ ಅರಗು

ಛತ್ರಪತಿ ಸಂಭಾಜಿನಗರದಿಂದ ಸುಮಾರು 50 ಕಿಲೋಮೀಟರು ದಕ್ಷಿಣಕ್ಕೆ, ಗೋದಾವರಿಯ ದಡದಲ್ಲಿ ಪೈಠಣವಿದೆ. ಶಾತವಾಹನರ ಪ್ರತಿಷ್ಠಾನ ಇದೇ. ಸಂತ ಏಕನಾಥರ ಊರೂ ಇದೇ. ನಾವು ಹೋದದ್ದು ಮಾತ್ರ ತಂಗಿಯ ಮದುವೆಗೆ ಪೈಠಣಿ ಸೀರೆ ಕೊಳ್ಳಲು. ತಾಯಿಯವರೂ ಬಂದಿದ್ದರು. ಹುಳುವನ್ನು ಕೊಂದು ತೆಗೆದ ನೂಲೆಂದು ಅವರು ರೇಷ್ಮೆ ಉಡುವುದನ್ನು ಬಿಟ್ಟು ಎಷ್ಟೋ ವರ್ಷಗಳಾದುವು.

ಮಗ್ಗದಲ್ಲಿ ಸೆರಗಿನ ನವಿಲು ಮೂಡುತ್ತಿತ್ತು. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಸಣ್ಣ ಕಂಡಿಕೆ. ಸೆರಗನ್ನು ಹೊರಳಿಸಿದರೂ ನವಿಲು ಹಾಗೆಯೇ ಕಾಣುವುದು. ನೂಲು ಎಲ್ಲಿಯದೆಂದು ವಿಚಾರಿಸಿದೆವು. ಬೆಂಗಳೂರಿನ ಕಡೆಯದಂತೆ! ನಮಗಿಂತ ಮೊದಲೇ ನಮ್ಮೂರಿನ ಹಿಪ್ಪುನೇರಳೆ ಇಲ್ಲಿ ನೆಲೆಸಿದೆ.

ತಾಯಿಯವರು ದೂರ ನಿಂತದ್ದನ್ನು ಕಂಡು ತಂಗಿ ನಕ್ಕಳು: "ಅಮ್ಮಾ, ನಿನ್ನ ಚಿನ್ನದ ಬಳೆಯೊಳಗೆ ತುಂಬಿರುವ ಅರಗೂ ಹುಳುವಿನದೇ ಅಲ್ಲವೆ?"

ಮಾತು ನಿಜ. ಆದರೆ ಎರಡೂ ಹುಳುಗಳ ಬಾಳು ಬೇರೆ. ರೇಷ್ಮೆಹುಳು ಹಿಪ್ಪುನೇರಳೆಯ ಎಲೆ ತಿಂದು, ನಾಲ್ಕು ಸಲ ಪೊರೆ ಕಳಚಿ, ಸುಮಾರು ಒಂದು ಕಿಲೋಮೀಟರು ಉದ್ದದ ಎಳೆಯಿಂದ ಗೂಡು ಕಟ್ಟುವುದು. ಪತಂಗವಾಗಿ ಹೊರಬಂದರೆ ಗೂಡು ತೂತಾಗಿ ಎಳೆ ತುಂಡಾಗುವುದು. ಆದ್ದರಿಂದಲೇ ಒಳಗಿರುವಾಗಲೇ ಬಿಸಿಗೆ ಒಡ್ಡುವರು. ಮನುಷ್ಯನ ಆಸರೆಯಿಲ್ಲದೆ ಬದುಕಲಾರದ ಪ್ರಾಣಿ ಅದು, ಪತಂಗವಾದರೂ ಹಾರಲಾರದು.

ಅರಗಿನ ಹುಳು ಎಲೆಯನ್ನು ಮುಟ್ಟುವುದಿಲ್ಲ. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಗೊಂಬೆಗೆ ಸೂಜಿಯಂಥ ಬಾಯಿ ಚುಚ್ಚಿ ರಸ ಹೀರುವುದು. ಹೆಣ್ಣು ಒಮ್ಮೆ ಕಚ್ಚಿಕೊಂಡರೆ ಮುಗಿಯಿತು, ಕಾಲುಗಳೂ ಉಳಿಯವು. ಮೈಯಿಂದ ಒಸರಿದ ಅರಗಿನ ಮರೆಯಲ್ಲೇ ಜೀವನ. (ಕಚೇರಿಯಲ್ಲಿ ಲಕೋಟೆಗಳಿಗೆ ಅರಗಿನ ಮುದ್ರೆ ಒತ್ತಿದ ನಮಗೆ ಈ ಹೆಣ್ಣಿನ ನೆನಪು ಎಂದೂ ಬಂದಿರಲಿಲ್ಲ.) ಹುಳು ಮಿತಿಮೀರಿದರೆ ಕೊಂಬೆ ಒಣಗುವುದರಿಂದ ಬೆಳೆಗಾರರು ಮರಕ್ಕೆ ಬಿಡುವು ಕೊಡುವರು. ಮರಿಗಳು ಹೊರಟುಹೋದ ಮೇಲೆ ಕೊಂಬೆ ಕಡಿದರೆ ಸತ್ತ ತಾಯಿಯ ಗೂಡಷ್ಟೇ ಸಿಕ್ಕುವುದು. ಮೊದಲೇ ಕಡಿದರೆ ಜೀವಂತ ಹುಳುಗಳೂ ಹೋಗುವುವು. ಬಳೆಯ ಅರಗು ಯಾವ ಬಗೆಯದೆಂದು ಯಾವ ಅಕ್ಕಸಾಲಿಗನು ಹೇಳಿಯಾನು?

ನಾವು ಇಷ್ಟನ್ನೂ ಹೇಳಿದೆವು. ತಾಯಿಯವರು ಬಳೆಯನ್ನೊಮ್ಮೆ ತಿರುಗಿಸಿ ನೋಡಿಕೊಂಡರು, ತೆಗೆಯಲಿಲ್ಲ. ಆಮೇಲೆ ಮಗ್ಗದ ಬಳಿಗೆ ಬಂದು, ತಂಗಿ ಮೆಚ್ಚಿದ ಹಸಿರು ಸೀರೆಯ ಬೆಲೆಯನ್ನು ತಾವೇ ಕೇಳಿದರು. ಮದುವೆಗೆ ತಮಗೆ ಹತ್ತಿಯ ಸೀರೆಯೇ ಸಾಕೆಂದರು.